ಮಕ್ಕಳಿರುವ ಮನೆಗೆ ವಯಸ್ಕ ನಾಯಿಯನ್ನು ದತ್ತು ತಂದಾಗ: ಮೊದಲ ಮೂರು ತಿಂಗಳ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂತಹ ಪ್ರಾಣಿ ಕಲ್ಯಾಣ ಸಂಸ್ಥೆಗಳ ಆಶ್ರಯತಾಣಗಳಿಂದಾಗಲಿ, ನಾಯಿಗಳನ್ನು ತಮ್ಮ ಮನೆಯಲ್ಲೇ ತಾತ್ಕಾಲಿಕವಾಗಿ ಸಾಕುವ ಸ್ವಯಂಸೇವಕರ ಬಳಿಯಿಂದಾಗಲಿ ಬೇಗ ದತ್ತು ಹೋಗುವುದು ಮರಿಗಳು. ಎರಡು ವರ್ಷ ದಾಟಿದ ನಾಯಿಗಳು ಅಲ್ಲಿಯೇ ಉಳಿದುಬಿಡುತ್ತವೆ. ಮಕ್ಕಳಿರುವ ಮನೆಯವರಂತೂ ಮರಿಯನ್ನೇ ಕೇಳುತ್ತಾರೆ. ಮಗುವಿನ ಜೊತೆಯಲ್ಲೇ ಬೆಳೆಯಲಿ ಎಂಬುದು ಅವರ ಲೆಕ್ಕ. ಆದರೆ ಸೂಜಿಯಂತಹ ಹಾಲುಹಲ್ಲಿನಿಂದ ಕಂಡಕಂಡದ್ದನ್ನೆಲ್ಲ ಕಚ್ಚುವ, ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕಾದ, ದೊಡ್ಡದಾದ ಮೇಲೆ ಎಂತಹ ಸ್ವಭಾವದ್ದಾಗುತ್ತದೆಂದು ಯಾರೂ ಖಚಿತವಾಗಿ ಹೇಳಲಾಗದ ಮರಿಗಿಂತ, ಮಕ್ಕಳ ಗಲಾಟೆಯನ್ನು ಸಹಿಸಬಲ್ಲದೆಂದು ಈಗಾಗಲೇ ತೋರಿಸಿಕೊಟ್ಟಿರುವ ಮೂರು ವರ್ಷದ ನಾಯಿ ಎಷ್ಟೋ ಮನೆಗಳಿಗೆ ಸರಿಯಾದ ಆಯ್ಕೆ.

ಈ ಬರಹದಲ್ಲಿ ಹೇಳುವ ಎಲ್ಲ ಕ್ರಮಗಳೂ ಒಂದೇ ತತ್ವವನ್ನು ಆಧರಿಸಿವೆ: ಮಗುವಿನಿಂದ ದೂರ ಸರಿಯಬೇಕೆನಿಸಿದಾಗ ನಾಯಿಗೆ ದಾರಿ ಇರಬೇಕು. ಹಾಗೆ ಸರಿದು ಹೋದ ನಾಯಿಯನ್ನು ಮನೆಯ ಯಾರೂ ಹಿಂಬಾಲಿಸಬಾರದು. ನಾಯಿ ಕಚ್ಚುವ ಸಂದರ್ಭಗಳಲ್ಲಿ ಬಹುಪಾಲು, ದೂರ ಹೋಗಲು ಅದಕ್ಕೆ ದಾರಿಯಿಲ್ಲದಾಗ, ಅಥವಾ ದಾರಿಯಿದ್ದರೂ ಅದು ಕೊಟ್ಟ ಸೂಚನೆಯನ್ನು ಯಾರೂ ಗಮನಿಸದಾಗ ಉಂಟಾಗುತ್ತವೆ.

ನಾಯಿಯನ್ನು ಆರಿಸುವ ಮೊದಲು

ಆಶ್ರಯತಾಣದವರನ್ನು "ಇದು ಮಕ್ಕಳ ಜೊತೆ ಹೇಗೆ?" ಎಂದಷ್ಟೇ ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಯಾವ ವಯಸ್ಸಿನ ಮಕ್ಕಳ ಜೊತೆ ಇತ್ತು, ಎಷ್ಟು ಕಾಲ ಇತ್ತು, ಊಟ ಮಾಡುವಾಗ ಹತ್ತಿರ ಹೋದರೆ ಏನು ಮಾಡುತ್ತದೆ, ಮಲಗಿರುವಾಗ ಮುಟ್ಟಿ ಎಬ್ಬಿಸಿದರೆ ಹೇಗೆ ಏಳುತ್ತದೆ, ಬಾಯಲ್ಲಿರುವ ವಸ್ತುವನ್ನು ಬಿಡುತ್ತದೆಯೇ, ಪಾತ್ರೆ ಬಿದ್ದ ಸದ್ದಿಗೆ ಬೆದರಿದರೆ ಚೇತರಿಸಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಬಿಡಿಬಿಡಿಯಾಗಿ ಕೇಳಬೇಕು. ಇವುಗಳಿಗೆ ಉತ್ತರ ಹೇಳಬಲ್ಲವರು ನಾಯಿಯನ್ನು ದಿನವೂ ನೋಡಿಕೊಳ್ಳುವ ಸಹಾಯಕರೇ ಹೊರತು ಕಚೇರಿಯಲ್ಲಿ ಅರ್ಜಿ ತುಂಬಿಸಿಕೊಳ್ಳುವವರಲ್ಲ. ಬೆದರದ ನಾಯಿಯನ್ನು ಹುಡುಕುವುದಕ್ಕಿಂತ, ಬೆದರಿದ ಮೇಲೆ ಬೇಗ ಸಮಾಧಾನಗೊಳ್ಳುವ ನಾಯಿಯನ್ನು ಹುಡುಕುವುದು ಮಕ್ಕಳ ಮನೆಗೆ ಮುಖ್ಯ.

ಸಾಧ್ಯವಾದರೆ ಎರಡು ಬೇರೆ ಬೇರೆ ದಿನ ಭೇಟಿಯಾಗಿ, ಎರಡನೆಯ ಭೇಟಿಗೆ ಮಕ್ಕಳನ್ನು ಕರೆದೊಯ್ಯಿರಿ. ನಾಯಿ ತಾನಾಗಿಯೇ ಮಗುವಿನ ಬಳಿಗೆ ಮೈ ಸಡಿಲವಾಗಿಟ್ಟುಕೊಂಡು ಬಂದು, ಮೂಸಿ, ಹೋಗಿ, ಮತ್ತೆ ಬಂದರೆ ಅದಕ್ಕಿಂತ ಒಳ್ಳೆಯ ಲಕ್ಷಣ ಬೇರೆ ಬೇಡ. ಮಗುವನ್ನು ಕಂಡು ಮೂಲೆ ಸೇರುವ ನಾಯಿಯನ್ನು ಕನಿಕರದಿಂದ ತರುವುದು ನನ್ನ ಅಭಿಪ್ರಾಯದಲ್ಲಿ ಆ ನಾಯಿಗೂ ಮಾಡುವ ಅನ್ಯಾಯ. ಅದಕ್ಕೆ ದೊಡ್ಡವರಷ್ಟೇ ಇರುವ ಮನೆ ಬೇಕು. ತಳಿಯ ವಿಚಾರದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ನಮ್ಮ ಹವೆಗೆ ಹೊಂದಿಕೊಂಡಿರುವ ದೇಶಿ ನಾಯಿ ಬಹುತೇಕ ಮನೆಗಳಿಗೆ ಸಾಕು. ಬೇಟೆಗೆಂದೇ ಬೆಳೆದುಬಂದ ಮುಧೋಳದಂತಹ ತಳಿಗೆ ಓಡಲು ಜಾಗ ಬೇಕು, ಓಡುವ ಮಗುವನ್ನು ಅಟ್ಟಿಸಿಕೊಂಡು ಹೋಗುವ ಹುರುಪೂ ಅದಕ್ಕೆ ಹೆಚ್ಚು ಎಂಬುದನ್ನು ಮಾತ್ರ ನೆನಪಿಡಬೇಕು.

ಮನೆಯನ್ನು ಸಿದ್ಧಗೊಳಿಸುವುದು

ನಾಯಿ ಬರುವ ಮೊದಲೇ ಅದಕ್ಕೊಂದು ಜಾಗ ಗೊತ್ತಾಗಿರಬೇಕು. ಜನ ಓಡಾಡುವ ದಾರಿಯಲ್ಲಿರದ, ಆದರೆ ಮನೆಯವರ ಮಾತು ಕೇಳಿಸುವಷ್ಟು ಹತ್ತಿರವಿರುವ ಒಂದು ಮೂಲೆಯಲ್ಲಿ ಹಳೆಯ ಕಂಬಳಿ ಹಾಸಿ ನೀರಿನ ಬಟ್ಟಲಿಟ್ಟರೆ ಸಾಕು. ಆ ಮೂಲೆಗೆ ಮಕ್ಕಳು ಹೋಗುವಂತಿಲ್ಲ. ಹಗ್ಗವನ್ನೋ ಬಣ್ಣದ ಟೇಪನ್ನೋ ನೆಲಕ್ಕೆ ಅಂಟಿಸಿ ಗಡಿ ತೋರಿಸಿದರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಅಂಬೆಗಾಲಿಡುವ ಕೂಸಿಗೆ ಅರ್ಥವಾಗುವುದಿಲ್ಲವಾದ್ದರಿಂದ ಬಾಗಿಲಿಗೆ ಅಡ್ಡಗಟ್ಟುವ ಮಕ್ಕಳ ಗೇಟು ಅಂತಹ ಮನೆಗೆ ಅನಿವಾರ್ಯ.

ನೆಲದ ಮೇಲಿರುವುದೆಲ್ಲ ತನ್ನದೆಂದು ನಾಯಿ ಭಾವಿಸಿದರೆ ಅದರ ತಪ್ಪೇನೂ ಇಲ್ಲ. ಚನ್ನಪಟ್ಟಣದ ಮರದ ಗೊಂಬೆ ಅದರ ಕಣ್ಣಿಗೆ ಕಡಿಯಲು ಹೇಳಿ ಮಾಡಿಸಿದ ವಸ್ತು. ಸಣ್ಣ ಪ್ಲಾಸ್ಟಿಕ್ ಚೂರುಗಳು ಹೊಟ್ಟೆ ಸೇರಿದರೆ ಶಸ್ತ್ರಚಿಕಿತ್ಸೆಯೇ ಆಗಬೇಕಾಗಬಹುದು. ಮಕ್ಕಳ ಆಟಿಕೆ ಮುಚ್ಚಳವಿರುವ ಡಬ್ಬಕ್ಕೆ ಹೋಗಲಿ, ನಾಯಿಯ ಆಟಿಕೆ ನೋಡಿದೊಡನೆ ಬೇರೆಯೆಂದು ತಿಳಿಯುವಂತಿರಲಿ. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವವರೆಗೆ ನಾಯಿಯನ್ನು ಅತ್ತ ಬಿಡಬೇಡಿ, ಅದು ಪಾದ ನೆಕ್ಕಿಕೊಳ್ಳುತ್ತದೆ.

ಅಜ್ಜ ಅಜ್ಜಿ ಜೊತೆಗಿರುವ ಮನೆಯಲ್ಲಿ ದೇವರಮನೆ, ಅಡುಗೆಮನೆಗಳ ಮಾತು ಮೊದಲೇ ಇತ್ಯರ್ಥವಾಗಬೇಕು. ನಾಯಿಗೆ ಯಾವ ಕೋಣೆ ಇದೆ, ಯಾವುದಿಲ್ಲ ಎಂಬುದು ಮೊದಲ ದಿನದಿಂದಲೇ ಒಂದೇ ರೀತಿ ಇದ್ದರೆ ಅದು ಬೇಗ ಕಲಿಯುತ್ತದೆ. ಒಬ್ಬರು ಬಿಟ್ಟು ಇನ್ನೊಬ್ಬರು ಗದರಿದರೆ ಅದಕ್ಕೆ ಉಳಿಯುವುದು ಗೊಂದಲವೊಂದೇ. ಕರೆಯುವ ಮಾತುಗಳೂ ಹಾಗೆಯೇ: ಒಬ್ಬರು "ಬಾ", ಇನ್ನೊಬ್ಬರು "ಕಮ್", ಮತ್ತೊಬ್ಬರು "ಇಲ್ ಬಾರೋ ಮರಿ" ಎನ್ನುವ ಬದಲು ಬಾ, ಕೂರು, ಬಿಡು, ನಿನ್ನ ಜಾಗ ಎಂಬ ನಾಲ್ಕು ಮಾತುಗಳನ್ನು ಗೊತ್ತು ಮಾಡಿಕೊಂಡು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಒಂದು ಮಾತು. ನಿವಾಸಿಗಳ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬಾರದೆಂದು ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಹಾಗಿದ್ದರೂ ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿಟ್ಟರೆ ಜಗಳಕ್ಕೆ ಅವಕಾಶ ಕಡಿಮೆ.

ಮಕ್ಕಳಿಗೆ ಹೇಳಿಕೊಡಬೇಕಾದದ್ದು

ಈ ಪಾಠ ನಾಯಿ ಬರುವುದಕ್ಕೆ ಒಂದು ವಾರ ಮೊದಲೇ ಆರಂಭವಾಗಬೇಕು, ಏಕೆಂದರೆ ನಾಯಿ ಬಂದ ದಿನ ಸಂಭ್ರಮದಲ್ಲಿ ಯಾವ ಮಗುವೂ ಮಾತು ಕೇಳುವುದಿಲ್ಲ. ಬಟ್ಟೆಯ ಗೊಂಬೆಯೊಂದನ್ನು ನಾಯಿಯೆಂದು ಇಟ್ಟುಕೊಂಡು ಅಭ್ಯಾಸ ಮಾಡಿಸಬಹುದು.

ಮೊದಲನೆಯ ನಿಯಮ, ನಾವು ನಾಯಿಯ ಬಳಿ ಹೋಗುವುದಿಲ್ಲ, ನಾಯಿಯನ್ನು ನಮ್ಮ ಬಳಿಗೆ ಕರೆಯುತ್ತೇವೆ. ಮಗು ಕುಳಿತುಕೊಂಡು, ತೊಡೆಯನ್ನು ಮೆಲ್ಲಗೆ ತಟ್ಟಿ ಹೆಸರು ಕರೆಯಬೇಕು. ಬಂದರೆ ಎದೆಯ ಬಳಿಯೋ ಕೊರಳಿನ ಪಕ್ಕವೋ ಮೂರು ಎಣಿಸುವಷ್ಟು ಹೊತ್ತು ಸವರಿ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಆಗ ನಾಯಿ ಮೂತಿಯಿಂದ ಕೈಯನ್ನು ತಳ್ಳಿದರೆ, ಇನ್ನಷ್ಟು ಹತ್ತಿರ ಒತ್ತಿಕೊಂಡರೆ ಮತ್ತೆ ಮೂರು ಎಣಿಕೆ. ಸುಮ್ಮನೆ ನಿಂತರೆ, ಮುಖ ತಿರುಗಿಸಿದರೆ, ಎದ್ದು ಹೋದರೆ ಅಲ್ಲಿಗೆ ಮುಗಿಯಿತು. ಈ ಒಂದು ಅಭ್ಯಾಸ ನಾಯಿಗಿಂತ ಹೆಚ್ಚಾಗಿ ಮಗುವನ್ನು ಬದಲಿಸುತ್ತದೆ. ಉತ್ತರಕ್ಕಾಗಿ ಕಾಯುವುದನ್ನು ಅದು ಕಲಿಯುತ್ತದೆ.

ತಬ್ಬಿಕೊಳ್ಳುವುದು, ಮುಖಕ್ಕೆ ಮುಖ ತಂದು ಮುದ್ದಿಸುವುದು, ಬೆನ್ನ ಮೇಲೆ ಏರುವುದು, ಮಲಗಿರುವ ಅಥವಾ ತಿನ್ನುತ್ತಿರುವ ನಾಯಿಯನ್ನು ಮುಟ್ಟುವುದು, ಇವು ಯಾವ ಕಾರಣಕ್ಕೂ ಕೂಡದು. ತಬ್ಬುವುದು ಮಕ್ಕಳ ಪಾಲಿಗೆ ಪ್ರೀತಿ, ನಾಯಿಯ ಪಾಲಿಗೆ ಹಿಡಿತ. ನಾಯಿಯ ಕೊರಳಿಗೆ ಮಗು ತೋಳು ಹಾಕಿದ ಫೋಟೋವೊಂದನ್ನು ಎದುರಿಟ್ಟುಕೊಂಡು ಹತ್ತಿರದಿಂದ ನೋಡಿ: ಅಷ್ಟು ಹೊತ್ತು ತೆರೆದಿದ್ದ ಬಾಯಿ ಮುಚ್ಚಿರುತ್ತದೆ, ತಲೆ ಮಗುವಿನಿಂದ ಆಚೆಗೆ ವಾಲಿರುತ್ತದೆ, ಕಣ್ಣಿನ ಅಂಚಿನಲ್ಲಿ ಅರ್ಧಚಂದ್ರದಂತೆ ಬಿಳಿ ಕಾಣುತ್ತದೆ, ಕಿವಿ ಹಿಂದಕ್ಕೆ ಅಂಟಿಕೊಂಡಿರುತ್ತದೆ. ಇದಕ್ಕೆ ಮುಂಚೆ ಒಂದೆರಡು ಬಾರಿ ಮೂಗನ್ನು ನೆಕ್ಕಿಕೊಂಡಿರುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸಿರುತ್ತದೆ. ಇವೆಲ್ಲ "ಸಾಕು, ಬಿಡು" ಎಂಬ ವಿನಂತಿ. ಇದರ ಮುಂದಿನ ಹಂತ ಮೈ ಕಲ್ಲಿನಂತೆ ಬಿಗಿಯಾಗುವುದು, ಅದರ ಮುಂದಿನದು ಗುರುಗುಟ್ಟುವುದು. ಮನೆಯ ದೊಡ್ಡವರೆಲ್ಲ ಈ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಚಿಕ್ಕ ಮಕ್ಕಳು ಹಲ್ಲು ತೋರಿಸುತ್ತಿರುವ ನಾಯಿಯನ್ನು ನಗುತ್ತಿದೆಯೆಂದು ತಿಳಿಯುವುದುಂಟು, ಆದ್ದರಿಂದ ಗಮನಿಸುವ ಹೊಣೆಯನ್ನು ಅವರ ಮೇಲೆ ಬಿಡಲಾಗದು.

ಬಾಲ ಅಲ್ಲಾಡಿಸುತ್ತಿದೆಯಲ್ಲ ಎಂಬ ಸಮಾಧಾನವೂ ಬೇಡ. ಸೊಂಟದ ಸಮೇತ ಸಡಿಲವಾಗಿ ಬೀಸುವ ಬಾಲ ಸಂತೋಷದ್ದು. ಮೇಲಕ್ಕೆ ನೆಟ್ಟಗೆ ನಿಂತು ತುದಿ ಮಾತ್ರ ಬಿರುಸಾಗಿ ಅದುರುವ ಬಾಲ ಉದ್ವೇಗದ್ದು.

ಇನ್ನೊಂದು ಪಾಠ ಮರದ ಆಟ. ನಾಯಿ ಹುರುಪಿನಿಂದ ಹಾರಿದರೆ, ಅಟ್ಟಿಸಿಕೊಂಡು ಬಂದರೆ ಮಗು ಓಡದೆ, ಕಿರುಚದೆ, ಕೈಗಳನ್ನು ಮುಂದೆ ಕಟ್ಟಿಕೊಂಡು ಪಾದ ನೋಡುತ್ತ ಮರದಂತೆ ನಿಲ್ಲಬೇಕು. ಚಲನೆ ನಿಂತರೆ ನಾಯಿಯ ಆಸಕ್ತಿಯೂ ಇಳಿಯುತ್ತದೆ. ಬೀದಿಯಲ್ಲಿ ಬೇರೆ ನಾಯಿ ಎದುರಾದಾಗಲೂ ಇದೇ ಉಪಾಯ ಉಪಯೋಗಕ್ಕೆ ಬರುತ್ತದೆ.

ನಾಲ್ಕೈದು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಈ ಪಾಠಗಳೆಲ್ಲ ಅರ್ಧವಷ್ಟೇ ಫಲಿಸುತ್ತವೆ. ಅಲ್ಲಿ ಕೈಯಳತೆಯಲ್ಲಿ ದೊಡ್ಡವರು ಇಲ್ಲದೆ ಮಗುವನ್ನೂ ನಾಯಿಯನ್ನೂ ಒಂದೇ ಕಡೆ ಬಿಡಬಾರದು. ಮೊಬೈಲ್ ನೋಡುತ್ತ ಅದೇ ಕೋಣೆಯಲ್ಲಿ ಕುಳಿತಿರುವುದು ಕಾವಲಲ್ಲ.

ಮನೆಗೆ ಬರುವ ದಿನ

ಹೊಸದಾಗಿ ದತ್ತು ತಂದ ನಾಯಿ ತಪ್ಪಿಸಿಕೊಂಡು ಹೋಗುವ ಅಪಾಯ ಮೊದಲ ಕೆಲವು ದಿನಗಳಲ್ಲಿಯೇ ಹೆಚ್ಚು. ಕಾರಿನಿಂದ ಇಳಿಸುವಾಗ, ಹಾಲಿನವರು ಬಂದಾಗ ತೆರೆದ ಬಾಗಿಲಿನಿಂದ, ಶಾಲೆಯಿಂದ ಬಂದ ಮಗು ಮುಚ್ಚಲು ಮರೆತ ಗೇಟಿನಿಂದ ಅದು ಓಡಿಬಿಡುತ್ತದೆ, ಹೆಸರು ಕರೆದರೆ ತಿರುಗಿ ನೋಡುವಷ್ಟು ಪರಿಚಯವೂ ಇನ್ನೂ ಆಗಿರುವುದಿಲ್ಲ. ಹಾಗಾಗಿ ಕೊರಳಪಟ್ಟಿಯ ಜೊತೆಗೆ ಎದೆಗೆ ಹಾಕುವ ಹಾರ್ನೆಸ್ಸೂ ಇರಲಿ, ಮೊದಲ ವಾರಗಳಲ್ಲಿ ಎರಡಕ್ಕೂ ಬೇರೆ ಬೇರೆ ಲೀಶ್ (ಹಿಡಿದುಕೊಳ್ಳುವ ಹಗ್ಗ) ಇರಲಿ, ಕೊರಳಪಟ್ಟಿಗೆ ಫೋನ್ ನಂಬರಿನ ಬಿಲ್ಲೆ ಇರಲಿ. ಲೀಶನ್ನು ಮಕ್ಕಳ ಕೈಗೆ ಕೊಡಬೇಡಿ. ಕೊಡಲೇಬೇಕೆಂದು ಹಟ ಹಿಡಿದರೆ ಎರಡನೆಯ ಲೀಶನ್ನು ಕೊಟ್ಟು ಮೊದಲನೆಯದನ್ನು ನೀವೇ ಹಿಡಿದಿರಿ.

ಸಾಧ್ಯವಾದರೆ ಮಕ್ಕಳು ಶಾಲೆಗೆ ಹೋಗಿರುವ ಹೊತ್ತಿನಲ್ಲಿ ನಾಯಿಯನ್ನು ತನ್ನಿ. ಮೊದಲು ಹೊರಗೆ ಮೂತ್ರಕ್ಕೆ ಕರೆದೊಯ್ದು, ನಂತರ ಲೀಶ್ ಹಿಡಿದೇ ಒಂದೊಂದು ಕೋಣೆ ತೋರಿಸಿ, ಅದರ ಜಾಗದಲ್ಲಿ ಬಿಟ್ಟರೆ ಮಕ್ಕಳು ಬರುವಷ್ಟರಲ್ಲಿ ಒಂದು ನಿದ್ದೆ ಆಗಿರುತ್ತದೆ. ಆ ದಿನ ನೆಂಟರು, ನೆರೆಮನೆಯ ಮಕ್ಕಳು, ಸ್ನಾನ ಯಾವುದೂ ಬೇಡ. ಮಕ್ಕಳು ನೆಲದ ಮೇಲೆ ಕುಳಿತು ಚಿತ್ರ ಬಿಡಿಸುತ್ತಲೋ ಕತೆಪುಸ್ತಕ ಓದುತ್ತಲೋ ಇರಲಿ, ನಾಯಿ ಬೇಕಾದರೆ ಬಂದು ಮೂಸಲಿ.

ನಾಯಿ ಸಾಕುವವರ ನಡುವೆ ಮೂರರ ಲೆಕ್ಕವೊಂದು ಬಳಕೆಯಲ್ಲಿದೆ: 3 ದಿನ ಗಾಬರಿ ಇಳಿಯಲು, 3 ವಾರ ದಿನಚರಿ ಅರಿಯಲು, 3 ತಿಂಗಳು ಇದು ತನ್ನ ಮನೆಯೆಂದು ನಂಬಲು. ಎಲ್ಲ ನಾಯಿಗಳೂ ಈ ಕ್ಯಾಲೆಂಡರ್ ಪಾಲಿಸುವುದಿಲ್ಲ, ಆದರೆ ಮನೆಯವರ ಅವಸರಕ್ಕೆ ಇದು ಒಳ್ಳೆಯ ಕಡಿವಾಣ. ಮೊದಲ ದಿನ ಉಣ್ಣದಿರುವುದು, ಮೂಲೆ ಬಿಟ್ಟು ಏಳದಿರುವುದು, ರಾತ್ರಿ ಕುಂಯ್‌ಗುಡುವುದು ಸಾಮಾನ್ಯ. ಮೂರನೆಯ ವಾರದ ಹೊತ್ತಿಗೆ, ಇಷ್ಟು ದಿನ ಸಾಧುವಾಗಿದ್ದ ನಾಯಿ ಬಾಗಿಲಲ್ಲಿ ಬೊಗಳಲು, ಸೋಫಾ ಹತ್ತಲು, ತಟ್ಟೆ ಕಾಯಲು ಶುರುಮಾಡುವುದೂ ಸಾಮಾನ್ಯ. ಅದರ ನಿಜವಾದ ಸ್ವಭಾವ ಈಗ ಹೊರಬರುತ್ತಿದೆ ಎಂದರ್ಥ, ಮಕ್ಕಳ ವಿಷಯದ ನಿಯಮಗಳನ್ನು ಸಡಿಲಿಸುವ ಹೊತ್ತು ಇದಲ್ಲ.

ಪಶುವೈದ್ಯರ ಭೇಟಿ

ಒಂದು ವಾರದೊಳಗೆ ವೈದ್ಯರಿಗೆ ತೋರಿಸಿ. ಲಸಿಕೆಯ ದಾಖಲೆ ಇಲ್ಲದಿದ್ದರೆ ಹಾಕಿಸಿಲ್ಲವೆಂದೇ ಭಾವಿಸಿ ರೇಬೀಸ್ ಲಸಿಕೆಯನ್ನೂ, ಡಿಸ್ಟೆಂಪರ್, ಪಾರ್ವೋ, ಲೆಪ್ಟೋಸ್ಪೈರೋಸಿಸ್ ರೋಗಗಳ ಲಸಿಕೆಗಳನ್ನೂ ಹೊಸದಾಗಿ ಆರಂಭಿಸುವುದು ಕ್ಷೇಮ. ದುಂಡುಹುಳು, ಕೊಕ್ಕೆಹುಳುಗಳು ನಾಯಿಯ ಮಲದಿಂದ ಮಣ್ಣಿಗೆ ಸೇರಿ ಬರಿಗಾಲಲ್ಲಿ ಆಡುವ ಮಕ್ಕಳನ್ನು ತಲುಪಬಲ್ಲವಾದ್ದರಿಂದ ಜಂತುಹುಳುವಿನ ಔಷಧ ತಪ್ಪಬಾರದು.

ಉಣ್ಣಿಜ್ವರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎರ್ಲಿಕಿಯಾ, ಬೆಬೇಸಿಯಾ ಎಂಬ ಸೂಕ್ಷ್ಮಜೀವಿಗಳು ಉಣ್ಣಿ ಕಚ್ಚಿದ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳ ಮೇಲೆ ರೋಗ ತೋರಿಸುತ್ತವೆ. ಅಂದರೆ ಆಶ್ರಯತಾಣದಲ್ಲಿ ತಗಲಿದ್ದು ನಿಮ್ಮ ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳಬಹುದು. ಊಟ ಬಿಟ್ಟು ಮಲಗಿರುವ ನಾಯಿಯನ್ನು ನೋಡಿ "ಹೊಸ ಜಾಗ, ಬೇಜಾರಾಗಿದೆ" ಎಂದುಕೊಳ್ಳುತ್ತ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಎರಡು ದಿನ ಏನೂ ತಿನ್ನದಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮೈ ಶಾಖ 102.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೇಜಾರಿನ ಮಾತು ಬಿಟ್ಟು ರಕ್ತಪರೀಕ್ಷೆ ಮಾಡಿಸಿ. ನೋವಿರುವ ನಾಯಿ ಮಕ್ಕಳನ್ನು ಸಹಿಸುವುದಿಲ್ಲ ಎಂಬುದೂ ನೆನಪಿರಲಿ. ಕಿವಿಯ ಸೋಂಕು, ಕೀಲುನೋವು, ಹಲ್ಲುನೋವು ಇರುವ ನಾಯಿ ಮುಟ್ಟಿದೊಡನೆ ಗುರುಗುಟ್ಟಿದರೆ ಅದನ್ನು ಸ್ವಭಾವದೋಷವೆಂದು ತಪ್ಪು ತಿಳಿಯುವವರು ಬಹಳ ಮಂದಿ.

ದಿನಚರಿ, ಊಟ, ಶೌಚ

ಆಶ್ರಯತಾಣದಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮೊದಲ ವಾರ ಕೊಟ್ಟು, ನಂತರ ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ನಿಮ್ಮ ಆಹಾರಕ್ಕೆ ಬದಲಿಸಿ. ಅನ್ನ, ರಾಗಿ, ಮೊಟ್ಟೆ, ಮೂಳೆ ತೆಗೆದ ಕೋಳಿ ಸರಿಹೋಗುತ್ತವೆ, ಆದರೆ ಪೂರ್ಣ ಪೋಷಣೆಯ ಪ್ರಮಾಣವನ್ನು ವೈದ್ಯರಿಂದ ಗೊತ್ತು ಮಾಡಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಹುಳಿ ಕಲಸಿದ ಅನ್ನ, ಪಾಯಸ, ಬರ್ತ್‌ಡೇ ಕೇಕುಗಳನ್ನು ಮಕ್ಕಳು ಪ್ರೀತಿಯಿಂದ ತಿನ್ನಿಸಿಬಿಡುವ ಸಾಧ್ಯತೆಯಿರುವುದರಿಂದ ಈ ಪಟ್ಟಿ ಅವರಿಗೂ ಗೊತ್ತಿರಬೇಕು. ಬೇಯಿಸಿದ ಮೂಳೆ ಚೂಪಾಗಿ ಒಡೆಯುತ್ತದೆ, ಅದೂ ಬೇಡ.

ನೆಲದ ಮೇಲೆ ಕುಳಿತು ಊಟ ಮಾಡುವ ಮನೆಗಳಲ್ಲಿ ಮಗುವಿನ ತಟ್ಟೆ ನಾಯಿಯ ಮೂತಿಯ ಎತ್ತರಕ್ಕೇ ಇರುತ್ತದೆ. ಮನೆಯವರ ಊಟದ ಹೊತ್ತಿಗೆ ನಾಯಿ ಗೇಟಿನ ಆಚೆ ತನ್ನ ಜಾಗದಲ್ಲಿ, ಕಡಿಯಲು ಏನಾದರೂ ಇಟ್ಟುಕೊಂಡು ಇರಲಿ. ಅದರ ಊಟದ ಹೊತ್ತಿಗೆ ಮಕ್ಕಳು ಆಚೆ ಇರಲಿ. ನಾಯಿ ತನ್ನ ಬಟ್ಟಲನ್ನು ಕಾಯದಿರಲೆಂದು ತಿನ್ನುವಾಗ ಕೈ ಹಾಕಿ ಅಭ್ಯಾಸ ಮಾಡಿಸುವ ಹಳೆಯ ಪದ್ಧತಿಯೊಂದಿದೆ. ಅದು ಕಾಯುವ ಗುಣವನ್ನು ಹೆಚ್ಚಿಸುವುದೇ ಹೊರತು ಕಡಿಮೆ ಮಾಡುವುದಿಲ್ಲ. ದೊಡ್ಡವರು ಆಗಾಗ ಹಾದುಹೋಗುತ್ತ ಬಟ್ಟಲಿನ ಬಳಿ ಕೋಳಿಯ ಚೂರೊಂದನ್ನು ಹಾಕಿ ನಿಲ್ಲದೆ ಮುಂದೆ ಹೋದರೆ, ಜನ ಬಂದರೆ ಒಳ್ಳೆಯದೇ ಆಗುತ್ತದೆಂದು ನಾಯಿ ಕಲಿಯುತ್ತದೆ.

ಶೌಚದ ಅಭ್ಯಾಸ ವಯಸ್ಕ ನಾಯಿಗೆ ಬೇಗ ಹಿಡಿಯುತ್ತದೆ. ಎದ್ದ ಕೂಡಲೇ, ಊಟದ ಮೇಲೆ, ಮಲಗುವ ಮುನ್ನ ಒಂದೇ ಸ್ಥಳಕ್ಕೆ ಕರೆದೊಯ್ದು, ಮುಗಿಸಿದ ಕೂಡಲೇ ಅಲ್ಲಿಯೇ ತಿಂಡಿ ಕೊಡಿ. ಒಳಗೆ ಮಾಡಿದರೆ ಗದರದೆ ಒರೆಸಿ. ಬೇಸಿಗೆಯಲ್ಲಿ ಹೊರಡುವ ಮುನ್ನ ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಇಟ್ಟು ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ.

ಮಕ್ಕಳು ಪಾಲ್ಗೊಳ್ಳಬೇಕಾದದ್ದು ಇಲ್ಲಿ: ಟವೆಲ್ಲಿನ ಮಡಿಕೆಗಳಲ್ಲಿ ತಿಂಡಿ ಬಚ್ಚಿಟ್ಟು ಹುಡುಕಿಸುವುದು, ದೊಡ್ಡವರು ಲೀಶ್ ಹಿಡಿದಿರುವಾಗ "ಕೂರು" ಹೇಳಿ ತಿಂಡಿಯನ್ನು ಅಂಗೈಯಲ್ಲಿ ಚಪ್ಪಟೆಯಾಗಿಟ್ಟು ಕೊಡುವುದು, ನೀರಿನ ಬಟ್ಟಲು ತುಂಬಿಸುವುದು. ಎಳೆದಾಟ, ಕುಸ್ತಿ, ಅಟ್ಟಿಸಿಕೊಂಡು ಓಡುವ ಆಟಗಳನ್ನು ಮೊದಲ ತಿಂಗಳುಗಳಲ್ಲಿ ಆಡಿಸದಿರುವುದೇ ಮೇಲು. ನಾಯಿಯ ಬಾಯಲ್ಲಿ ತಮ್ಮ ಆಟಿಕೆ ಕಂಡರೆ ಕಿತ್ತುಕೊಳ್ಳಲು ಹೋಗದೆ ದೊಡ್ಡವರನ್ನು ಕೂಗಬೇಕು. ದೊಡ್ಡವರು ರುಚಿಯಾದ ತಿಂಡಿ ತೋರಿಸಿ "ಬಿಡು" ಎಂದು ಬದಲಿ ವ್ಯಾಪಾರ ಮಾಡಬೇಕು.

ನಾಯಿ ಗುರುಗುಟ್ಟಿದರೆ

ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ, ಗದರಬೇಡಿ. ಗುರುಗುಟ್ಟುವುದು ಕಚ್ಚುವುದಕ್ಕೆ ಮುನ್ನ ನಾಯಿ ಕೊಡುವ ಎಚ್ಚರಿಕೆ, ಅದನ್ನು ದಂಡಿಸಿ ಅಳಿಸಿದರೆ ಮುಂದೊಂದು ದಿನ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿ ಉಳಿಯುತ್ತದೆ. ಮಗುವನ್ನು ಶಾಂತವಾಗಿ ಹಿಂದಕ್ಕೆ ಕರೆದುಕೊಂಡು, ನಾಯಿಗೆ ಅದರ ಜಾಗ ಸೇರಲು ಬಿಟ್ಟು, ಅದಕ್ಕೆ ಮುಂಚಿನ ನಿಮಿಷದಲ್ಲಿ ಏನಾಯಿತೆಂದು ಬರೆದಿಡಿ. ಒಂದೇ ಬಗೆಯ ಸಂದರ್ಭ ಮರುಕಳಿಸಿದರೆ ದಂಡನೆಯ ವಿಧಾನ ಬಳಸದ ತರಬೇತುದಾರರನ್ನು ಕರೆಸಿ.

ಹಲ್ಲು ತಾಗಿ ಮಗುವಿಗೆ ಗಾಯವಾದರೆ, ನಾಯಿಗೆ ಲಸಿಕೆಯಾಗಿದೆ ಎಂದು ಸುಮ್ಮನಿರಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋದರೆ ಗಾಯದ ಸ್ವರೂಪ ನೋಡಿ ಲಸಿಕೆಯನ್ನೂ, ಚರ್ಮ ಸೀಳಿ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಅನ್ನೂ ನಿರ್ಧರಿಸುತ್ತಾರೆ. ಚರ್ಮದೊಳಗೆ ಕೊಡುವ ಲಸಿಕೆಯ ಕ್ರಮ 0 (ಮೊದಲ ಚುಚ್ಚುಮದ್ದಿನ ದಿನ), 3, 7 ಮತ್ತು 28ನೆಯ ದಿನ. ನಾಯಿಯನ್ನು 10 ದಿನ ಗಮನಿಸಬೇಕು, ಹಾಗೆಂದು ಚಿಕಿತ್ಸೆಯನ್ನು ಮುಂದೂಡುವಂತಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಸಾಕುಪ್ರಾಣಿಯಿರುವ ಮನೆಯ ಮಕ್ಕಳಿಗೆ ಮುಂಚಿತವಾಗಿಯೇ ಲಸಿಕೆ ಹಾಕಿಸುವ ಬಗ್ಗೆ ಶಿಶುವೈದ್ಯರನ್ನು ಕೇಳುವುದು ಒಳ್ಳೆಯದು.

ಹಬ್ಬ, ನೆಂಟರು, ಮತ್ತು ಹೊಂದಿಕೆಯಾಗದಿದ್ದರೆ

ಗಣೇಶನ ಮೆರವಣಿಗೆಯ ತಮಟೆ, ದೀಪಾವಳಿಯ ಪಟಾಕಿ, ಮನೆ ತುಂಬ ನೆಂಟರ ಮಕ್ಕಳು ಬರುವ ಬೇಸಿಗೆ ರಜೆ, ಇವು ಮೂರು ತಿಂಗಳ ಪ್ರಗತಿಯನ್ನು ಒಂದು ಸಂಜೆಯಲ್ಲಿ ಹಿಂದಕ್ಕೆ ತಳ್ಳಬಲ್ಲವು. ದತ್ತು ತರುವ ದಿನವನ್ನು ಹಬ್ಬದಿಂದ ದೂರ ಇಟ್ಟುಕೊಳ್ಳಿ. ಆ ಸಂಜೆಗಳಲ್ಲಿ ಬೆಳಕಿರುವಾಗಲೇ ನಡಿಗೆ ಮುಗಿಸಿ, ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಮನೆಯವರೊಬ್ಬರು ಜೊತೆಗಿರಿ. ನಿಮ್ಮ ಮಕ್ಕಳು ಕಲಿತ ನಿಯಮ ನೆಂಟರ ಮಕ್ಕಳಿಗೆ ಗೊತ್ತಿರುವುದಿಲ್ಲ. ಅವರಿಗೆ ಕಲಿಸಲು ಹೋಗುವುದಕ್ಕಿಂತ ಅಷ್ಟು ಹೊತ್ತು ನಾಯಿಯನ್ನು ಬಾಗಿಲು ಹಾಕಿದ ಕೋಣೆಯಲ್ಲಿರಿಸುವುದು ಎಲ್ಲರಿಗೂ ಕ್ಷೇಮ.

ಎಷ್ಟು ಎಚ್ಚರ ವಹಿಸಿದರೂ ಕೆಲವು ನಾಯಿಗಳು ಕೆಲವು ಮನೆಗಳಿಗೆ ಹೊಂದುವುದಿಲ್ಲ. ವೈದ್ಯರೂ ತರಬೇತುದಾರರೂ ನೋಡಿದ ಮೇಲೂ ಮಗುವನ್ನು ಕಂಡೊಡನೆ ನಾಯಿಯ ಮೈ ಬಿಗಿಯುತ್ತಿದ್ದರೆ, ಅಥವಾ ಮಗು ಭಯದಿಂದ ಕೋಣೆ ಬಿಟ್ಟು ಬಾರದಿದ್ದರೆ, ದತ್ತು ಕೊಟ್ಟವರಿಗೇ ತಿಳಿಸಿ ಅವರ ಮೂಲಕವೇ ಹಿಂದಿರುಗಿಸಬೇಕು. ದತ್ತು ಪತ್ರಗಳಲ್ಲಿ ಸಾಮಾನ್ಯವಾಗಿ ಈ ಷರತ್ತು ಇದ್ದೇ ಇರುತ್ತದೆ. ಪರಿಚಯದವರ ತೋಟಕ್ಕೆ ಕಳಿಸುವುದು, ಬೀದಿಗೆ ಬಿಡುವುದು ಪರಿಹಾರವಲ್ಲ. ಸಾಕುಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಹಿಂದಿರುಗಿಸುವಾಗ ನೀವು ಬರೆದಿಟ್ಟ ಟಿಪ್ಪಣಿಯನ್ನೂ ಲಸಿಕೆಯ ಚೀಟಿಯನ್ನೂ ಜೊತೆಗೆ ಕೊಡಿ. ಯಾವ ಸದ್ದಿಗೆ ಬೆದರುತ್ತದೆ, ಎಲ್ಲಿ ಮುಟ್ಟಿದರೆ ಸಹಿಸುವುದಿಲ್ಲ, ಏನನ್ನು ಇಷ್ಟಪಟ್ಟು ತಿನ್ನುತ್ತದೆ ಎಂಬ ವಿವರಗಳಿದ್ದರೆ ಅದಕ್ಕೆ ತಕ್ಕ ಮನೆ ಹುಡುಕುವುದು ಅವರಿಗೆ ಸುಲಭವಾಗುತ್ತದೆ.